ಒಲೆ ಕಾರು ಗೆದ್ದ ದಿನ

ನಮ್ಮ ವಠಾರದಲ್ಲಿ ಯಾರಾದರೂ ನಂಬಲಾಗದ ಮಾತು ಆಡಿದರೆ ಉಳಿದವರು, "ಓಹೋ, ಒಲೆ ಕಾರು ಗೆಲ್ತಂತೆ ಬುಡು" ಎನ್ನುತ್ತಿದ್ದರು. ನಾಳೆ ನಲ್ಲಿಯಲ್ಲಿ ಎರಡು ಗಂಟೆ ನೀರು ಬರುತ್ತದಂತೆ ಎಂದರೂ ಅದೇ ಮಾತು, ಓನರ್ ಈ ಸಲ ಸುಣ್ಣ ಹೊಡೆಸುತ್ತಾರಂತೆ ಎಂದರೂ ಅದೇ ಮಾತು. ಒಲೆ ಕಾರು ಬರುವ ಕಾರ್ಟೂನನ್ನು ಒಂದು ದಿನವೂ ನೋಡದ ಹೆಂಗಸರು ಕೂಡ ಅದನ್ನು ಗಾದೆಯ ಹಾಗೆ ಬಳಸುತ್ತಿದ್ದರು. ನನ್ನ ಅಣ್ಣನನ್ನು ಆಡಿಕೊಳ್ಳುವುದಕ್ಕೆಂದು ಹುಟ್ಟಿದ ಮಾತು ಅದು. ಹುಟ್ಟಿಸಿದವಳು ನಾನು.

ತೊಂಬತ್ತರ ದಶಕದ ನಡುಭಾಗ. ನಜರ್‌ಬಾದಿನ ನಮ್ಮ ವಠಾರದಲ್ಲಿ ಆರು ಮನೆಗಳು, ಒಂದು ನಲ್ಲಿ, ಕೇಬಲ್ ಎಳೆಸಿದ ಒಂದೇ ಒಂದು ಬಣ್ಣದ ಟಿವಿ. ಟಿವಿ ಇದ್ದದ್ದು ಓನರ್ ಮನೆಯ ಪಡಸಾಲೆಯಲ್ಲಿ. ಓನರ್ ಹೆಂಡತಿಯನ್ನು ನಾವೆಲ್ಲ ಆಂಟಿ ಎನ್ನುತ್ತಿದ್ದೆವು. ಆಕೆಗೆ ಮಕ್ಕಳಿರಲಿಲ್ಲ, ಅದಕ್ಕೋ ಏನೋ, ಸಂಜೆ ಐದೂವರೆಗೆ ಬಾಗಿಲು ತೆರೆದಿಡುತ್ತಿದ್ದರು. ಕಾಲು ತೊಳೆದುಕೊಂಡು ಬರಬೇಕು, ಗೋಡೆಗೆ ತಲೆ ಒರಗಿಸಬಾರದು, ಎಣ್ಣೆ ಹತ್ತುತ್ತದೆ. ಇಷ್ಟೇ ಷರತ್ತು. ಹತ್ತು ಹನ್ನೆರಡು ಮಕ್ಕಳು ನೆಲದ ಮೇಲೆ ಕೂತು ನೋಡುತ್ತಿದ್ದದ್ದು ಒಂದು ಕಾರ್ ರೇಸಿನ ಕಾರ್ಟೂನ್. ನಾವು ಹುಟ್ಟುವ ಮೊದಲೇ ಯಾವುದೋ ದೇಶದಲ್ಲಿ ತಯಾರಾಗಿದ್ದು, ಹಳೆಯದಾದ ಮೇಲೆ ನಮ್ಮ ಪಾಲಿಗೆ ಹೊಸದಾಗಿ ಬಂದಿತ್ತು. ಹತ್ತು ಕಾರುಗಳು. ಒಂದಾದರೂ ಕಾರಿನ ಹಾಗಿರಲಿಲ್ಲ. ದಿನಕ್ಕೊಂದು ರೇಸು, ಒಮ್ಮೆ ಮರಳುಗಾಡು, ಒಮ್ಮೆ ಕಾಡು, ಒಮ್ಮೆ ಸೇತುವೆಗಳೇ ಇಲ್ಲದ ನದಿಗಳ ದೇಶ.

ವೀಕ್ಷಕ ವಿವರಣೆ ಇಂಗ್ಲಿಷಿನಲ್ಲಿ, ಅದೂ ಓಡೋಡಿಕೊಂಡು. ನಾವು ಕನ್ನಡ ಮೀಡಿಯಂ ಮಕ್ಕಳು. ಒಂದು ಪದವೂ ಅರ್ಥವಾಗುತ್ತಿರಲಿಲ್ಲ. ಹಾಗಾಗಿ ಆ ಕಾರುಗಳಿಗೆ ಅವರು ಏನು ಹೆಸರಿಟ್ಟಿದ್ದರೋ ನಮಗೆ ಗೊತ್ತಾಗಲೇ ಇಲ್ಲ, ನಾವೇ ಇಟ್ಟುಕೊಂಡೆವು. ಮುದುಕಿಯೊಬ್ಬಳು ಮಲಗಿಕೊಂಡೇ ಓಡಿಸುವ ಮಂಚದ ಕಾರು. ಊದುವವರು ಬಾರಿಸುವವರು ಎಲ್ಲರೂ ಹತ್ತಿ ಕೂತ ಬ್ಯಾಂಡ್‌ಸೆಟ್ ಕಾರು. ಎರಡು ಸ್ಟೀರಿಂಗ್ ಹಿಡಿದು ಒಬ್ಬ ಎಡಕ್ಕೆ, ಒಬ್ಬ ಬಲಕ್ಕೆ ಎಳೆಯುವ ಅವಳಿ ಕಾರು. ಮತ್ತೆ ಒಲೆ ಕಾರು. ಅದೊಂದು ದೊಡ್ಡ ಕಬ್ಬಿಣದ ಒಲೆ, ನಾಲ್ಕು ಚಕ್ರ, ಹಿಂದೆ ಹೊಗೆ ಕೊಳವೆ. ಓಡಿಸುವವನು ಅಡುಗೆಭಟ್ಟ. ಒಲೆಗೆ ಸೌದೆ ಒಟ್ಟುತ್ತಾ, ಬಾಣಲೆಯಲ್ಲಿ ಏನೋ ತಿರುವುತ್ತಾ ಎಲ್ಲರಿಗಿಂತ ಮುಂದೆ ಹೋಗುತ್ತಿದ್ದ. ಗೆಲುವಿನ ಗೆರೆಗೆ ನಾಲ್ಕು ಮಾರು ಇರುವಾಗ ಒಲೆ ಆರಿಹೋಗುತ್ತಿತ್ತು. ಅವನು ಬಗ್ಗಿ ಊದುವಷ್ಟರಲ್ಲಿ ಒಂಬತ್ತು ಕಾರೂ ದಾಟಿಹೋಗುತ್ತಿದ್ದವು.

ನನ್ನ ಅಣ್ಣ ಒಲೆ ಕಾರಿನ ಪಕ್ಷ. ನನಗಿಂತ ಮೂರು ವರ್ಷಕ್ಕೆ ದೊಡ್ಡವನು, ಎಸ್ಸೆಸ್ಸೆಲ್ಸಿ. ಅಷ್ಟು ಬೆಳೆದ ಹುಡುಗ ಕಾರ್ಟೂನ್ ನೋಡುತ್ತಾನಲ್ಲ ಎಂದು ಅಮ್ಮ ಬೈದರೆ, "ನಾನು ಇಂಜಿನ್ ನೋಡ್ತಿದೀನಮ್ಮ" ಎನ್ನುತ್ತಿದ್ದ. ಅದು ಪೂರ್ತಿ ಸುಳ್ಳೂ ಅಲ್ಲ. ಆ ಒಲೆಯ ಬಾಗಿಲು ಹಿಂದಕ್ಕಿರುವುದೇ ತಪ್ಪು, ಮುಂದಕ್ಕಿದ್ದಿದ್ದರೆ ಗಾಳಿ ತಾನಾಗಿ ನುಗ್ಗಿ ಬೆಂಕಿ ಆರುತ್ತಿರಲಿಲ್ಲ ಎಂದು ಬೆಲ್ಲದ ಪೊಟ್ಟಣದ ಕಾಗದದ ಮೇಲೆ ಚಿತ್ರ ಬರೆದು ತೋರಿಸುತ್ತಿದ್ದ. ಪಾಸಾದರೆ ಡಿಪ್ಲೊಮಾ, ಮೆಕ್ಯಾನಿಕಲ್. ಅದು ಬಿಟ್ಟು ಅವನಿಗೆ ಬೇರೆ ಯೋಚನೆಯೇ ಇರಲಿಲ್ಲ.

ಸಂಜೆ ನೋಡಿದ್ದರ ಮೇಲೆ ಬೆಳಗ್ಗೆ ನಲ್ಲಿಯ ಹತ್ತಿರ ವಾದ. ಕೊಡ ತುಂಬುವುದಕ್ಕೆ ಹೇಗೂ ಸಾಲಿನಲ್ಲಿ ನಿಲ್ಲಬೇಕಿತ್ತು. ಬ್ಯಾಂಡ್‌ಸೆಟ್ ಕಾರಿನಲ್ಲಿ ಏಳು ಜನವೋ ಎಂಟು ಜನವೋ? ಡೋಲಿನವನನ್ನು ಎರಡು ಸಲ ಎಣಿಸಿದ್ದೀರಿ ಎಂದು ಒಬ್ಬರು, ಡೋಲಿನ ಹಿಂದೆ ಇನ್ನೊಬ್ಬ ಕುಳ್ಳ ಇದ್ದಾನೆ ಎಂದು ಇನ್ನೊಬ್ಬರು. ಮಂಚದ ಮುದುಕಿ ಒಮ್ಮೆಯಾದರೂ ಕಣ್ಣು ಬಿಟ್ಟಿದ್ದಾಳೋ ಇಲ್ಲವೋ? ಅವಳಿಗಳಲ್ಲಿ ದೊಡ್ಡವನು ಯಾರು? ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರೇ ಎಲ್ಲ. ಕೊಡ ತುಂಬಿ ಹರಿಯುತ್ತಿದ್ದರೂ ಯಾರಿಗೂ ಗಮನವಿರುತ್ತಿರಲಿಲ್ಲ, ಮನೆಯೊಳಗಿಂದ ಯಾರದಾದರೂ ತಾಯಿ ಕೂಗಿಕೊಂಡು ಬರಬೇಕಿತ್ತು.

ಈ ವಾದಗಳನ್ನು ತೀರ್ಮಾನಿಸಲು ನಾನು ಒಂದು ಪುಸ್ತಕ ಇಟ್ಟೆ.

ಅದರ ಹಿಂದೆ ಇದ್ದದ್ದು ಅಪ್ಪ. ಅವರು ಒಂದು ಸರ್ಕಾರಿ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಗುಮಾಸ್ತರು. ಹಳೆಯ ಕಡತಗಳನ್ನು ಕಟ್ಟಿಡುವುದು, ಕೇಳಿದವರಿಗೆ ಹುಡುಕಿ ಕೊಡುವುದು ಅವರ ಕೆಲಸ. "ಕಾಗದದಲ್ಲಿ ಇಲ್ದೆ ಇರೋದು ನಡೆದೇ ಇಲ್ಲ" ಎನ್ನುವುದು ಅವರ ವೇದವಾಕ್ಯ. ನಾನು ರೇಸಿನ ಫಲಿತಾಂಶ ಬರೆದಿಡುತ್ತೇನೆ ಎಂದಾಗ ಅಪ್ಪನ ಮುಖ ಅರಳಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಉದ್ದದ ನೋಟ್‌ಬುಕ್ ತಂದು, ಸ್ಕೇಲು ಹಿಡಿದು ತಾವೇ ಗೆರೆ ಎಳೆದುಕೊಟ್ಟರು. ತಾರೀಖು, ಜಾಗ, ಮೊದಲನೆಯದು, ಎರಡನೆಯದು, ಮೂರನೆಯದು, ಕೊನೆಯಲ್ಲಿ ಷರಾ. ಎರಡು ನಿಯಮ ಹೇಳಿಕೊಟ್ಟರು. ತಪ್ಪಾದರೆ ರಬ್ಬರಿನಲ್ಲಿ ಅಳಿಸಬಾರದು, ಅದರ ಮೇಲೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ರುಜು ಹಾಕಬೇಕು, ಮೊದಲು ಏನಿತ್ತೆಂದು ಓದುವವರಿಗೆ ಕಾಣುತ್ತಿರಬೇಕು. ಇನ್ನೊಂದು, ಗೆರೆಗಳ ನಡುವಿನ ಯಾವ ಮನೆಯನ್ನೂ ಖಾಲಿ ಬಿಡಬಾರದು. "ಖಾಲಿ ಬಿಟ್ರೆ ಇನ್ನೊಬ್ಬ ಬಂದು ತುಂಬ್ತಾನಮ್ಮ" ಎಂದರು.

ಪ್ರತಿ ಭಾನುವಾರ ಅಪ್ಪ ಆ ಪುಸ್ತಕ ತರಿಸಿಕೊಂಡು, ಕನ್ನಡಕ ಹಾಕಿಕೊಂಡು, ಪುಟದ ಕೆಳಗೆ ತಮ್ಮ ರುಜು ಹಾಕುತ್ತಿದ್ದರು. ಒಮ್ಮೆ ಕಚೇರಿಗೂ ಒಯ್ದು ಜೊತೆಯವರಿಗೆ ತೋರಿಸಿ ಬಂದರು. ನನ್ನ ತಲೆ ಅಲ್ಲಿಗೆ ಕೆಟ್ಟಿತು. ನಲ್ಲಿಯ ಹತ್ತಿರ ಜಗಳವಾದರೆ ನಾನು ಒಳಗೆ ಹೋಗಿ ಪುಸ್ತಕ ತಂದು, ಪುಟ ತಿರುವಿ, ತೀರ್ಪು ಹೇಳುತ್ತಿದ್ದೆ. ಹನ್ನೆರಡು ವರ್ಷದ ಹುಡುಗಿಗೆ ಅಷ್ಟು ಜಂಬ ಬರಬಾರದು, ನನಗೆ ಬಂದಿತ್ತು. ಅರವತ್ತಕ್ಕೂ ಹೆಚ್ಚು ರೇಸು ಬರೆದಿದ್ದೆ. ಒಲೆ ಕಾರು ಒಂದರಲ್ಲೂ ಮೂರನೆಯದಾಗಿಯೂ ಬಂದಿರಲಿಲ್ಲ.

ಅಣ್ಣನ ಪರೀಕ್ಷೆ ಮುಗಿದು ರಜೆ ಶುರುವಾಯಿತು. ಬೇಸಿಗೆ. ಕರೆಂಟ್ ಕಡಿತವೂ ಶುರುವಾಯಿತು. ಸರದಿಯ ಮೇಲೆ ಒಂದೊಂದು ಬಡಾವಣೆಗೆ ಒಂದೊಂದು ಹೊತ್ತು ತೆಗೆಯುತ್ತಿದ್ದರು. ನಮ್ಮ ಕಡೆ ಇಲ್ಲದಾಗ ಯಾದವಗಿರಿಯಲ್ಲಿ ಇರುತ್ತಿತ್ತು. ಅಲ್ಲಿ ಅಣ್ಣನ ಸಹಪಾಠಿಯೊಬ್ಬನ ಬಂಗಲೆ. ಅಣ್ಣ ಉಪಾಯಗಾರ, ಐದು ಗಂಟೆಗೇ ಸೈಕಲ್ ಹತ್ತಿ ಅಲ್ಲಿಗೆ ಹೋಗಿಬಿಡುತ್ತಿದ್ದ. ನಾವು ಓನರ್ ಮನೆಯಲ್ಲಿ ಅರ್ಧ ರೇಸು ನೋಡಿ, ಟಿವಿ ಕಪ್ಪಾದ ಮೇಲೆ "ಛೆ" ಎಂದು ಎದ್ದು ಬರುತ್ತಿದ್ದೆವು.

ಆ ವಾರ ಮೂರು ದಿನ ಷರಾದಲ್ಲಿ "ಕರೆಂಟ್ ಇರಲಿಲ್ಲ" ಎಂದು ಬರೆದಿದ್ದೆ. ನಾಲ್ಕನೆಯ ದಿನ ಹಿಮದ ರೇಸು. ಎಲ್ಲೆಲ್ಲೂ ಬಿಳಿ. ಕಾರುಗಳು ಜಾರುತ್ತಿವೆ, ಬ್ಯಾಂಡ್‌ಸೆಟ್ ಮುಂದಿದೆ, ಮಂಚ ಅದರ ಹಿಂದಿದೆ. ಅಷ್ಟರಲ್ಲಿ ಕರೆಂಟ್ ಹೋಯಿತು. ಮಕ್ಕಳು ಎದ್ದು ಆಡಲು ಓಡಿದರು. ಆಂಟಿ ಹಿತ್ತಲಿಗೆ ಹೋದರು. ನಾನೊಬ್ಬಳೇ ಕಪ್ಪು ಟಿವಿಯ ಮುಂದೆ ಆರು ಗಂಟೆ ದಾಟುವ ತನಕ ಕೂತಿದ್ದೆ. ಕರೆಂಟ್ ಬರಲಿಲ್ಲ.

ಮನೆಗೆ ಬಂದು ಪುಸ್ತಕ ತೆರೆದೆ. ಮತ್ತೊಮ್ಮೆ "ಕರೆಂಟ್ ಇರಲಿಲ್ಲ" ಎಂದು ಬರೆಯಲು ಕೈ ಬರಲಿಲ್ಲ. ಬ್ಯಾಂಡ್‌ಸೆಟ್ ಮುಂದಿತ್ತಲ್ಲ, ಅದೇ ಗೆದ್ದಿರುತ್ತದೆ, ಇನ್ನೇನು? ಮೊದಲನೆಯದು ಬ್ಯಾಂಡ್‌ಸೆಟ್, ಎರಡನೆಯದು ಮಂಚ, ಮೂರನೆಯದು ಅವಳಿ. ದುಂಡಗೆ ಬರೆದೆ. ಷರಾದಲ್ಲಿ ಏನೂ ಇಲ್ಲ ಎಂದು ತೋರಿಸಲು ಅಪ್ಪ ಕಲಿಸಿದ ಹಾಗೆ ಒಂದು ಸಣ್ಣ ಅಡ್ಡಗೆರೆ ಎಳೆದೆ.

ಏಳು ಗಂಟೆಗೆ ಅಣ್ಣ ಸೈಕಲ್ ಒಳಗೆ ತರುವ ಮೊದಲೇ ಕೂಗಿಕೊಂಡು ಬಂದ. "ಒಲೆ ಕಾರು ಗೆದ್ಬುಡ್ತು ಕಣ್ರೋ! ಫಸ್ಟು!"

ಮೇಣದಬತ್ತಿಯ ಬೆಳಕಿನಲ್ಲಿ ಅವನ ಮುಖ ನೋಡಬೇಕಿತ್ತು. ಎಲ್ಲ ಕಾರುಗಳೂ ಹಿಮದಲ್ಲಿ ಹೆಪ್ಪುಗಟ್ಟಿ ನಿಂತುಬಿಟ್ಟವಂತೆ, ಬ್ಯಾಂಡಿನವರ ತುತ್ತೂರಿಯೊಳಗೂ ಮಂಜುಗಡ್ಡೆಯಂತೆ. ಒಲೆ ಕಾರಿನಲ್ಲಿ ಮಾತ್ರ ಬೆಂಕಿ ಇತ್ತಂತೆ. ಗೆರೆಯ ಹತ್ತಿರ ಬಂದಾಗ ಬೆಂಕಿಯ ಬಿಸಿಗೆ ಕೆಳಗಿನ ಹಿಮ ಕರಗಿ, ಕಾರು ಗರ್ರನೆ ತಿರುಗಿ, ಹಿಂದುಮುಂದಾಗಿ ಜಾರಿಕೊಂಡು ಗೆರೆ ದಾಟಿತಂತೆ. ಭಟ್ಟ ತಾನು ಗೆದ್ದದ್ದೇ ಗೊತ್ತಾಗದೆ ಬಾಣಲೆ ತಿರುವುತ್ತಲೇ ಇದ್ದನಂತೆ.

ಮರುದಿನ ನಲ್ಲಿಯ ಹತ್ತಿರ ಅವನು ಇದನ್ನೆಲ್ಲ ಅಭಿನಯಿಸಿ ತೋರಿಸಿದ. ಹಿಂದುಮುಂದಾಗಿ ಗೆರೆ ದಾಟಿತು ಎಂದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು. ಒಬ್ಬ ಹುಡುಗ ನನ್ನ ಕಡೆ ತಿರುಗಿ, "ಪುಸ್ತಕದಲ್ಲಿ ಏನೈತೆ ನೋಡೇ" ಎಂದ. ನಾನು ಪುಸ್ತಕ ತಂದು ಓದಿದೆ. ಬ್ಯಾಂಡ್‌ಸೆಟ್, ಮಂಚ, ಅವಳಿ.

"ನಿಂಗೆ ಕರೆಂಟೇ ಇರ್ಲಿಲ್ವಲ್ಲೇ!" ಅಣ್ಣ ಎಂದ.

"ಕೊನೇಲಿ ಎರಡು ನಿಮಿಷ ಬಂದು ಹೋಯ್ತು. ನೀವೆಲ್ಲ ಆಡೋಕೆ ಹೋಗಿದ್ರಿ. ನಾನೊಬ್ಳೇ ಇದ್ದೆ."

ಎಷ್ಟು ಸಲೀಸಾಗಿ ಬಂತು ಆ ಮಾತು! ಯೋಚಿಸಲೂ ಇಲ್ಲ. ನನ್ನ ಪುಸ್ತಕ ತಪ್ಪಾಗುವುದಕ್ಕಿಂತ ಅಣ್ಣ ತಪ್ಪಾಗುವುದು ನನಗೆ ಸುಲಭವಾಗಿ ಕಂಡಿತು. ಅವನು ಬಾಯಿ ತೆರೆದವನು ಹಾಗೇ ನನ್ನನ್ನು ನೋಡಿದ. ಯಾರೋ "ಒಲೆ ಕಾರು ಗೆಲ್ತಂತೆ" ಎಂದು ರಾಗ ಎಳೆದರು. ಆ ಭಾನುವಾರ ಅಪ್ಪ ಎಂದಿನಂತೆ ಪುಟದ ಕೆಳಗೆ ರುಜು ಹಾಕಿದರು.

ಇದು ಇಷ್ಟಕ್ಕೇ ನಿಂತಿದ್ದರೆ ನಾನು ಬರೆಯುತ್ತಲೇ ಇರಲಿಲ್ಲ.

ಫಲಿತಾಂಶ ಬಂತು. ಅಣ್ಣ ಗಣಿತದಲ್ಲಿ ಫೇಲು, ಉಳಿದ ಎಲ್ಲದರಲ್ಲೂ ಪಾಸು. ಗಣಿತದಲ್ಲಿ ಇಪ್ಪತ್ತೊಂದು. ಅವನು ಅಳಲಿಲ್ಲ, ಅಂಕಪಟ್ಟಿ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತು ಒಂದೇ ಮಾತನ್ನು ಹೇಳುತ್ತಿದ್ದ: "ಇದು ನಂದಲ್ಲಮ್ಮ. ನಾನು ಎಲ್ಲಾ ಲೆಕ್ಕ ಮಾಡಿದೀನಿ. ಎಪ್ಪತ್ತಕ್ಕೆ ಕಮ್ಮಿ ಬರೋದೇ ಇಲ್ಲ." ಪ್ರಶ್ನೆಪತ್ರಿಕೆ ತಂದು ಒಂದೊಂದಾಗಿ ಉತ್ತರ ಹೇಳಿದ. ಅಪ್ಪನಿಗಾಗಲಿ ಅಮ್ಮನಿಗಾಗಲಿ ಆ ಗಣಿತ ಗೊತ್ತಿರಲಿಲ್ಲ.

ಉತ್ತರಪತ್ರಿಕೆಯನ್ನು ಮತ್ತೆ ಎಣಿಸಿ ನೋಡಿ ಎಂದು ಅರ್ಜಿ ಹಾಕಬಹುದಿತ್ತು. ಅಪ್ಪ ಶಾಲೆಯಿಂದ ಅರ್ಜಿ ತಂದರು. ಕೊನೆಯ ದಿನದ ಹಿಂದಿನ ಸಂಜೆ ಜಗಲಿಯಲ್ಲಿ ಕೂತು ತಾವೇ ತುಂಬಿದರು. ರುಜು ಒಂದು ಬಾಕಿ ಇತ್ತು. ಪೆನ್ನು ಹಿಡಿದುಕೊಂಡು ಅಣ್ಣನನ್ನು ಕೇಳಿದರು.

"ನೋಡು, ನಾನು ರುಜು ಹಾಕಿದ್ರೆ ಅದು ನನ್ನ ಮಾತು. ನಾಳೆ ಅದೇ ಇಪ್ಪತ್ತೊಂದು ಬಂದ್ರೆ ನಂಗೆ ಅವಮಾನ. ನಿಜವಾಗ್ಲೂ ಬರೆದಿದೀಯಾ?"

"ನಿಜವಾಗ್ಲೂ ಅಪ್ಪ."

ಆಗ ಅಮ್ಮ ಒಳಗಿನಿಂದ, ಬೇಸರಕ್ಕೋ ಅಭ್ಯಾಸಕ್ಕೋ, "ಒಲೆ ಕಾರು ಗೆದ್ದಂಗೇ ಇರಬೇಕು ಬುಡಿ" ಎಂದುಬಿಟ್ಟಳು. ಅವಳಿಗೆ ಕೆಟ್ಟ ಮನಸ್ಸಿರಲಿಲ್ಲ. ಅದು ವಠಾರದ ಬಾಯಲ್ಲಿ ಓಡಾಡುತ್ತಿದ್ದ ಮಾತು, ಅವಳ ಬಾಯಿಗೂ ಬಂತು. ಆದರೆ ಅಪ್ಪನಿಗೆ ಅದು ಹೊಸದು. ಏನದು ಎಂದು ಕೇಳಿದರು. ಅಮ್ಮ ಹೇಳಿದಳು. ಅಪ್ಪ ನನ್ನ ಕಡೆ ತಿರುಗಿ, "ನಿನ್ನ ಪುಸ್ತಕ ತಗೊಂಬಾ" ಎಂದರು.

ಬರಿಯ ಕಾರ್ಟೂನಿಗಾಗಿ ಅಪ್ಪ ಅರ್ಜಿ ನಿಲ್ಲಿಸಿದರು ಎಂದರೆ ಅವರಿಗೆ ಅನ್ಯಾಯ ಮಾಡಿದ ಹಾಗೆ. ಅಣ್ಣನ ಅರ್ಧವಾರ್ಷಿಕದ ಗಣಿತವೂ ಅಷ್ಟಕ್ಕಷ್ಟೇ ಇತ್ತು, ಅವರಲ್ಲಿ ಅರ್ಧ ಅನುಮಾನ ಮೊದಲೇ ಇತ್ತು. ಉಳಿದ ಅರ್ಧವನ್ನು ನಾನು ಎರಡು ಕೈಯಲ್ಲಿ ತಂದು ಕೊಟ್ಟೆ. ಅಪ್ಪ ಪುಟ ಹುಡುಕಿದರು. ಬೆರಳಿಟ್ಟು ಸಾಲು ಓದಿದರು. ಆಮೇಲೆ ಪುಟದ ಕೆಳಗೆ ಇದ್ದ ತಮ್ಮ ರುಜುವನ್ನೂ ನೋಡಿದರು.

"ಅವತ್ತು ಕರೆಂಟೇ ಇರ್ಲಿಲ್ಲ ಅಪ್ಪ," ಅಣ್ಣನ ದನಿ ಏರಿತ್ತು. "ಬೇಕಾದ್ರೆ ಓನರ್ ಆಂಟಿನ ಕೇಳಿ. ಇವಳು ನೋಡೇ ಇಲ್ಲ."

"ಕಾರ್ಟೂನ್ ವಿಷಯಕ್ಕೆ ಹೋಗಿ ಅವರ ಮನೆ ಬಾಗಿಲು ಬಡೀಲಾ?" ಎಂದು ಅವನಿಗೆ ಹೇಳಿ ಅಪ್ಪ ನನ್ನ ಕಡೆ ತಿರುಗಿದರು. "ನೋಡಿದ್ಯೇನಮ್ಮ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಅಷ್ಟೂ ಮಾಡಲಿಲ್ಲ, ಗಟ್ಟಿಯಾಗಿ ನಿಂತಿದ್ದೆ. ಅಣ್ಣ ನನ್ನನ್ನೇ ನೋಡುತ್ತಿದ್ದ. ಕೋಪವಿರಲಿಲ್ಲ ಅವನ ಕಣ್ಣಲ್ಲಿ, ಬೇಡಿಕೊಳ್ಳುತ್ತಿದ್ದ. ಇಲ್ಲ ಅಪ್ಪ, ನೋಡಲಿಲ್ಲ ಎಂದು ಒಂದು ಮಾತು ಹೇಳಿದ್ದರೆ ಆಗಿತ್ತು. ಅಪ್ಪ ಕಚೇರಿಗೆ ಒಯ್ದು ತೋರಿಸಿದ ಪುಸ್ತಕ ಅದು. ಅಪ್ಪ ಇನ್ನು ಮುಂದೆ ಅದಕ್ಕೆ ರುಜು ಹಾಕದಿದ್ದರೆ ಎಂದು ನನಗೆ ಭಯವಾಯಿತು. ಅಷ್ಟು ಸಣ್ಣ ಭಯ.

"ನೋಡಿದೆ" ಎಂದೆ.

ಅಪ್ಪ ಪೆನ್ನಿನ ಕ್ಯಾಪ್ ಮುಚ್ಚಿದರು. "ಇಷ್ಟು ಸಣ್ಣದಕ್ಕೇ ಕತೆ ಕಟ್ಟೋನು, ಇನ್ನು ಇದಕ್ಕೆ..." ಎಂದು ಅರ್ಧಕ್ಕೆ ನಿಲ್ಲಿಸಿದರು. ಅರ್ಜಿ ನಾಲ್ಕು ಮಡಿಕೆಯಾಗಿ ಅವರ ಜೇಬು ಸೇರಿತು. "ಅಕ್ಟೋಬರಲ್ಲಿ ಮತ್ತೆ ಕಟ್ಟು" ಎಂದರು.

ಅಣ್ಣ ಕಟ್ಟಲಿಲ್ಲ. ಅಮ್ಮ ಅತ್ತಳು, ಅಪ್ಪ ಬೈದರು, ಮೇಷ್ಟರೊಬ್ಬರು ಮನೆಗೇ ಬಂದು ಹೇಳಿದರು. "ಪಾಸಾಗಿರೋ ಪರೀಕ್ಷೆನ ಮತ್ತೆ ಯಾಕೆ ಬರೀಲಿ?" ಎನ್ನುವುದು ಬಿಟ್ಟರೆ ಅವನ ಬಾಯಿಂದ ಬೇರೆ ಮಾತು ಹೊರಡಲಿಲ್ಲ. ಹಟಮಾರಿತನ ಎಂದು ಎಲ್ಲರೂ ತೀರ್ಮಾನಿಸಿದರು. ನಾನೂ ಹಾಗೇ ಅಂದುಕೊಳ್ಳಲು ಪ್ರಯತ್ನಪಟ್ಟೆ. ಡಿಪ್ಲೊಮಾದ ಸುದ್ದಿ ಮನೆಯಲ್ಲಿ ನಿಂತೇಹೋಯಿತು. ಅವನು ನನ್ನ ಜೊತೆ ಮಾತು ಬಿಟ್ಟನೆಂದೇನೂ ಅಲ್ಲ. ಊಟಕ್ಕೆ ಕರೆಯುತ್ತಿದ್ದ, ನನ್ನ ಸೈಕಲ್‌ಗೆ ಗಾಳಿ ಹೊಡೆದು ಕೊಡುತ್ತಿದ್ದ. ಆದರೆ ಏನನ್ನೂ ನನಗೆ ವರ್ಣಿಸಿ ಹೇಳುವುದನ್ನು ಬಿಟ್ಟ. ಎಲ್ಲಿಗೆ ಹೋಗಿದ್ದೆ ಎಂದರೆ "ಹೊರಗೆ", ಏನು ನೋಡಿದೆ ಎಂದರೆ "ಏನಿಲ್ಲ". ಕಾರ್ಟೂನ್ ಹೊತ್ತಿಗೆ ಟಿವಿಯ ಹತ್ತಿರವೂ ಸುಳಿಯುತ್ತಿರಲಿಲ್ಲ. ನಾನೂ ಕೆಲವು ತಿಂಗಳಲ್ಲಿ ಪುಸ್ತಕ ಮುಚ್ಚಿ ಟ್ರಂಕಿಗೆ ಹಾಕಿದೆ, ಪರೀಕ್ಷೆಯ ನೆಪ ಹೇಳಿ.

ಹತ್ತು ಹನ್ನೊಂದು ವರ್ಷ ಕಳೆಯಿತು. ನಾನು ಓದಿ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸಕ್ಕೆ ಸೇರಿದ್ದೆ. ಅಣ್ಣ ಮೊದಲು ಗ್ಯಾರೇಜು, ಆಮೇಲೆ ಗೂಡ್ಸ್ ಆಟೋ, ಆಮೇಲೆ ಒಬ್ಬ ಕಂಟ್ರಾಕ್ಟರ್ ಹತ್ತಿರ ರೋಡ್ ರೋಲರ್ ಓಡಿಸುವವನಾಗಿದ್ದ. ಮಂಡಕಳ್ಳಿಯಲ್ಲಿ ವಿಮಾನ ನಿಲ್ದಾಣದ ಕೆಲಸ ನಡೆಯುತ್ತಿತ್ತು, ದಿನವೂ ಅಲ್ಲಿಗೆ ಹೋಗುತ್ತಿದ್ದ.

ಆ ದಿನಗಳಲ್ಲಿ ಕೆಲಸ ಮುಗಿದ ಮೇಲೆ ಸೈಬರ್ ಕೆಫೆಗೆ ಹೋಗುವುದು ನನ್ನ ಚಟ. ಒಂದು ದಿನ ಏನೋ ಹುಡುಕುತ್ತಾ ಆ ಕಾರ್ಟೂನಿನ ಅಭಿಮಾನಿಗಳು ಮಾತಾಡಿಕೊಳ್ಳುವ ಒಂದು ಪುಟ ಸಿಕ್ಕಿತು. ಯಾವ್ಯಾವ ದೇಶದವರೋ, ಬಹುತೇಕ ನನಗಿಂತ ದೊಡ್ಡವರು. ಬ್ಯಾಂಡ್‌ಸೆಟ್ ಕಾರಿನಲ್ಲಿ ಏಳು ಜನವೋ ಎಂಟು ಜನವೋ ಎಂದು ಮೂರು ಪುಟ ಕಿತ್ತಾಡಿದ್ದರು! ನನಗೆ ನಗು ತಡೆಯಲಿಲ್ಲ. ಪ್ರಪಂಚವೆಲ್ಲ ನಮ್ಮ ನಲ್ಲಿಯ ಮುಂದೆ ಕೊಡ ಇಟ್ಟುಕೊಂಡು ನಿಂತ ಹಾಗಿತ್ತು. ಮುದುಕಿ ಎರಡು ಸಲ ಕಣ್ಣು ಬಿಟ್ಟಿದ್ದಾಳೆ ಎಂದು ಒಬ್ಬ ಚಿತ್ರಸಮೇತ ಹಾಕಿದ್ದ. ಖುಷಿಯಿಂದ ಕೆಳಗೆ ಕೆಳಗೆ ಹೋದೆ.

ಅಲ್ಲಿ ಇನ್ನೊಂದು ವಾದ. ಹಿಮದ ರೇಸಿನಲ್ಲಿ ಅಡುಗೆಭಟ್ಟನ ಗೆಲುವನ್ನು ಗೆಲುವೆಂದು ಎಣಿಸಬಹುದೇ? ಕಾರು ಹಿಂದುಮುಂದಾಗಿ ಗೆರೆ ದಾಟಿದೆಯಲ್ಲ, ನಿಯಮದ ಪ್ರಕಾರ ಅದು ಸರಿಯೇ? ಎಣಿಸಬೇಕು ಎಂದು ಕೆಲವರು, ಕೂಡದು ಎಂದು ಕೆಲವರು. ಗೆದ್ದದ್ದರ ಬಗ್ಗೆ ಯಾರಿಗೂ ಸಂಶಯವಿರಲಿಲ್ಲ. ಇಡೀ ಸರಣಿಯಲ್ಲಿ ಅವನು ಗೆದ್ದದ್ದು ಅದೊಂದೇ ಸಲವಂತೆ. ಅವನು ತಾನು ಗೆದ್ದದ್ದೇ ಗೊತ್ತಾಗದೆ ಬಾಣಲೆ ತಿರುವುತ್ತಿರುವ ಚಿತ್ರವೂ ಇತ್ತು.

ಎಷ್ಟು ಹೊತ್ತು ಕೂತಿದ್ದೆನೋ, ಕೆಫೆಯವನು ಬಂದು "ಇನ್ನೂ ಅರ್ಧ ಗಂಟೆ ಹಾಕ್ಲಾ ಮೇಡಂ?" ಎಂದಾಗ ಎಚ್ಚರವಾಯಿತು. ಆ ಪುಟದಲ್ಲಿ ಯಾರೋ, ಈ ರೇಸನ್ನು ನೀವು ಮೊದಲು ನೋಡಿದ್ದು ಎಲ್ಲಿ ಎಂದು ಕೇಳಿದ್ದರು. ನನ್ನ ಹರಕು ಇಂಗ್ಲಿಷಿನಲ್ಲಿ, "ಮೈಸೂರಿನಲ್ಲಿ, ನಾನು" ಎಂದು ಟೈಪು ಮಾಡಿದವಳು ಅಳಿಸಿ, "ಮೈಸೂರಿನಲ್ಲಿ, ನನ್ನ ಅಣ್ಣ" ಎಂದು ಬರೆದೆ. ಚಿತ್ರದ ಸಮೇತ ಆ ಪುಟವನ್ನು ಪ್ರಿಂಟ್ ತೆಗೆಸಿಕೊಂಡೆ.

ಕಾರ್ಟೂನ್ ವಿಷಯದಲ್ಲಿ ಅವನು ನಿಜ ಹೇಳಿದ್ದ. ಹಾಗಾದರೆ ಗಣಿತದ ವಿಷಯದಲ್ಲಿ? ಒಂದು ನಿಜವಾದ ಮಾತ್ರಕ್ಕೆ ಇನ್ನೊಂದೂ ನಿಜವಾಗಲೇಬೇಕೆಂದಿಲ್ಲ. ಆದರೆ ಒಂದು ಸುಳ್ಳಾದ ಮಾತ್ರಕ್ಕೆ ಇನ್ನೊಂದೂ ಸುಳ್ಳು ಎಂದು ನಾವು ಅವತ್ತು ಒಂದೇ ಏಟಿಗೆ ಒಪ್ಪಿಕೊಂಡಿದ್ದೆವು.

ಶನಿವಾರ ಅರ್ಧ ದಿನ ಕೆಲಸ. ಅಮ್ಮನ ಹತ್ತಿರ ಬುತ್ತಿ ಕಟ್ಟಿಸಿಕೊಂಡು ಮಂಡಕಳ್ಳಿಗೆ ಹೋದೆ. ಅಷ್ಟು ವರ್ಷದಲ್ಲಿ ನಾನು ಅವನ ಕೆಲಸದ ಜಾಗಕ್ಕೆ ಹೋದದ್ದು ಅದೇ ಮೊದಲು. ಕೆಂಪು ಮಣ್ಣಿನ ಬಯಲಿನಲ್ಲಿ ರೋಲರ್ ಹಿಂದಕ್ಕೂ ಮುಂದಕ್ಕೂ ನಿಧಾನವಾಗಿ ಚಲಿಸುತ್ತಿತ್ತು. ಮೇಲೆ ಟವೆಲ್ ಸುತ್ತಿಕೊಂಡು ಅಣ್ಣ. ನನ್ನನ್ನು ಕಂಡವನೇ ಗಾಬರಿಯಾಗಿ ಇಳಿದು ಬಂದ.

"ಯಾಕೆ, ಅಪ್ಪಂಗೆ ಏನಾದ್ರೂ ಆಯ್ತಾ?"

"ಏನಿಲ್ಲ. ಊಟ ತಂದೆ."

ಬೇವಿನ ಮರದ ಕೆಳಗೆ ಕೂತೆವು. ಅವನು ಕೈ ತೊಳೆದು ಬಂದ ಮೇಲೆ ಕಾಗದ ಕೊಟ್ಟೆ. ಮೊದಲು ಚಿತ್ರ ನೋಡಿದ. ಅವನ ಮುಖ ಬದಲಾದದ್ದು ನಾನು ಸಾಯುವ ತನಕ ಮರೆಯುವುದಿಲ್ಲ. ಮೇಣದಬತ್ತಿಯ ಬೆಳಕಿನ ಆ ಹುಡುಗ ಒಂದು ಗಳಿಗೆ ಅಲ್ಲೇ ಬಂದು ಕೂತ.

"ಹಿಂದ್‌ಮುಂದಾಗಿ! ನಾನ್ ಹೇಳ್ಲಿಲ್ವಾ? ನೋಡು, ಬಾಣ್ಲಿ ನೋಡು!" ಎಂದು ನಕ್ಕ. ಪಕ್ಕದಲ್ಲಿ ಉಣ್ಣುತ್ತಿದ್ದ ಜೊತೆಗಾರರಿಗೂ ತೋರಿಸಿದ. ಅವರಿಗೇನೂ ಅರ್ಥವಾಗಲಿಲ್ಲ, ಅವನ ನಗು ನೋಡಿ ಅವರೂ ನಕ್ಕರು.

"ಅಣ್ಣ, ಅವತ್ತು ಕರೆಂಟ್ ಬರ್ಲಿಲ್ಲ ಕಣೋ. ನಾನು ನೋಡ್ದೇನೇ ಬರ್ದೆ. ಅಪ್ಪ ಕೇಳಿದಾಗ್ಲೂ ಸುಳ್ಳು ಹೇಳ್ದೆ" ಎಂದೆ. ಬಸ್ಸಿನಲ್ಲಿ ಬರುವಾಗ ಇದಕ್ಕೆ ಇನ್ನೂ ಏನೇನೋ ಸೇರಿಸಿಕೊಂಡಿದ್ದೆ, ಯಾವುದೂ ಬರಲಿಲ್ಲ.

"ಅದು ನಂಗೆ ಅವತ್ತೇ ಗೊತ್ತಿತ್ತಲ್ಲೇ," ಎಂದ ಅವನು. "ಹೇಳಿದ್ದೆ ಕೂಡ. ನಿಂಗೆ ಇವತ್ತು ಗೊತ್ತಾಯ್ತಾ?"

ಅವನು ಕಾಗದವನ್ನು ಇನ್ನೊಂದು ಸಲ ನೋಡಿದ. ತೊಳೆದರೂ ಹೋಗದ ಇಂಜಿನ್ ಎಣ್ಣೆ ಹತ್ತದ ಹಾಗೆ ಎರಡು ಬೆರಳಲ್ಲಿ ಹಿಡಿದು ನನಗೇ ವಾಪಸ್ ಕೊಟ್ಟ. ಆಗ ನಗು ಹೋಗಿತ್ತು.

"ಇಷ್ಟು ಹಳೇದೆಲ್ಲ ಸಿಗುತ್ತಾ ಆ ಇಂಟರ್ನೆಟ್ಟಲ್ಲಿ?"

"ಸಿಗುತ್ತೆ."

"ನನ್ ಗಣಿತದ್ ಪೇಪರ್ ಸಿಗುತ್ತಾ ನೋಡೇ."

ವ್ಯಂಗ್ಯಕ್ಕೆ ಹೇಳಿದ್ದಲ್ಲ. ಒಂದು ಗಳಿಗೆ ಅವನು ನಿಜವಾಗಿಯೂ ಕೇಳುತ್ತಿದ್ದ. ನಾನು ಇಲ್ಲ ಎಂದು ತಲೆಯಾಡಿಸಿದೆ. "ಹೂಂ" ಎಂದು ಬುತ್ತಿಯ ಮುಚ್ಚಳ ತೆಗೆದ. ಉಂಡು ಕೈ ತೊಳೆದ. ಆಮೇಲೆ ಟವೆಲ್ ಸುತ್ತಿಕೊಂಡು ರೋಲರ್ ಹತ್ತಿದ.

ಆ ಸಂಜೆ ಟ್ರಂಕಿನಿಂದ ಪುಸ್ತಕ ತೆಗೆದೆ. ಅಪ್ಪ ನಿವೃತ್ತರಾಗಿ ಎರಡು ವರ್ಷವಾಗಿತ್ತು, ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕನ್ನಡಕ ಹಾಕಿಕೊಂಡು ಆ ಸಾಲನ್ನು ಓದಿದರು, ಪ್ರಿಂಟನ್ನೂ ನೋಡಿದರು, ಪುಟದ ಕೆಳಗಿನ ತಮ್ಮ ರುಜುವಿನ ಮೇಲೆ ಹೆಬ್ಬೆರಳಿಟ್ಟರು.

"ಓನರ್ ಮನೆ ಬಾಗಿಲು ಎಷ್ಟು ದೂರ ಇತ್ತು?" ಎಂದರು ಆಮೇಲೆ. ನನ್ನನ್ನು ಕೇಳಿದ್ದಲ್ಲ. "ಎಂಟು ಹೆಜ್ಜೆ."

ನಾನು ಅವರು ಕಲಿಸಿದ ಹಾಗೆ ಹಳೆಯ ಸಾಲಿನ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ "ಒಲೆ ಕಾರು" ಎಂದು ಬರೆದೆ. ಎರಡನೆಯದು ಮೂರನೆಯದು ನನಗೆ ಗೊತ್ತಿರಲಿಲ್ಲ, ಅಲ್ಲಿ ಅಡ್ಡಗೆರೆ ಎಳೆದೆ. ಷರಾದಲ್ಲಿ "ಕರೆಂಟ್ ಇರಲಿಲ್ಲ" ಎಂದು ಬರೆದು ಪುಸ್ತಕವನ್ನು ಅವರ ಕಡೆ ತಿರುಗಿಸಿದೆ. ಅಪ್ಪ ಪೆನ್ನು ತೆಗೆದುಕೊಂಡರು.

"ಅವನಿಗೆ ಹೇಳಿದ್ಯಾ?"

"ಹೇಳಿದೆ."

"ಏನಂದ?"

ಅಪ್ಪ ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದರು. ಅಣ್ಣ ಅವತ್ತು ನೋಡಿದ ಹಾಗೇ. ಬೇವಿನ ಮರದ ಕೆಳಗೆ ಅವನು ಕೇಳಿದ್ದನ್ನು ಈ ಮುದುಕನಿಗೆ ಹೇಗೆ ಹೇಳಲಿ?

"ನಕ್ಕುಬಿಟ್ಟ ಅಪ್ಪ. ಹಳೇದು, ಬುಡು ಅಂದ" ಎಂದೆ.

ಅಪ್ಪ ಎರಡು ಸಲ ತಲೆಯಾಡಿಸಿದರು. ಗೆರೆಯ ಪಕ್ಕದಲ್ಲಿ ನಿಧಾನವಾಗಿ ರುಜು ಹಾಕಿ ಪೆನ್ನಿನ ಕ್ಯಾಪ್ ಮುಚ್ಚಿದರು. ನನ್ನ ಮಾತನ್ನು ಅವರು ಆಗಲೂ ನಂಬಿದರು.